ತಲಬಾಗಿಲಲ್ಲಿ ಆಯಿಯ ಹೆಸರು



ಕಂಪ್ಯೂಟರ್ ಚಾಲೂ ಮಾಡಿದ ಮೇಲೆ ಅದು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಯಾವುದು ಹೇಳಿ ನೋಡೋಣ. "ಏನು ಕೆಲಸ?" ಅಂತ ಅಲ್ಲ. "ನೀವು ಯಾರು?" ಅಂತ. ಈ ಪ್ರಶ್ನೆ ಕೇಳುವ ಪರದೆಯ ಬಗ್ಗೆ ನಾವು ಹೆಚ್ಚು ಯೋಚಿಸುವುದಿಲ್ಲ. ಯಾರೋ ಅಂಗಡಿಯವರು ಹೇಗೆ ಹಾಕಿಕೊಟ್ಟರೋ ಹಾಗೇ ಬಿಟ್ಟಿರುತ್ತೇವೆ. ಈ ವಾರ ಆ ಪರದೆಯನ್ನು ನಮ್ಮ ಮನೆಗೆ ತಕ್ಕ ಹಾಗೆ ಸರಿಪಡಿಸಿಕೊಳ್ಳೋಣ.

ಯಮಕನಮರಡಿಯಲ್ಲೋ ಪಕ್ಕದ ಹತ್ತರಗಿಯಲ್ಲೋ ಒಂದು ಮನೆ ಇದೆ ಅಂದುಕೊಳ್ಳಿ. ಮನೆಯಲ್ಲಿ ಅಜ್ಜ, ಆಯಿ, ಅಪ್ಪ, ಅವ್ವ, ಹತ್ತನೇ ಇಯತ್ತೆಯ ಅಕ್ಕ, ಐದನೇ ಇಯತ್ತೆಯ ತಮ್ಮ. (ಬೇರೆ ಕಡೆಯ ಓದುಗರಿಗೆ ಒಂದು ಮಾತು: ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ತರಗತಿಗೆ ಇಯತ್ತೆ ಅನ್ನುತ್ತಾರೆ.) ಆರು ಮಂದಿಗೆ ಒಂದೇ ಕಂಪ್ಯೂಟರ್, ಸಂಕೇಶ್ವರದಿಂದ ತಂದ ಹಳೆಯದು. ಚಾಲೂ ಮಾಡಿದರೆ ಪರದೆಯ ಮೇಲೆ ಒಂದೇ ಹೆಸರು ಬರುತ್ತದೆ, ಅದೂ ಇಂಗ್ಲಿಷಿನಲ್ಲಿ: "ಅಡ್ಮಿನ್". ಪಾಸ್‌ವರ್ಡ್ ಗೊತ್ತಿರುವುದು ಅಕ್ಕನಿಗೆ ಮಾತ್ರ.

ಆಯಿಗೆ ಪುಣೆಯಲ್ಲಿರುವ ಮಗಳ ಮನೆಯ ಫೋಟೋ ನೋಡಬೇಕು. "ಏ ತಂಗಿ, ಇದನ್ನೊಂದ್ ಸ್ವಲ್ಪ ತಗದ್ ಕೊಡವಾ" ಅನ್ನುತ್ತಾರೆ. "ತಡೀ ಆಯಿ, ಸಾಲಿಯಿಂದ ಬಂದ್ ತಗೀತೇನಿ" ಅನ್ನುತ್ತಾಳೆ ಅಕ್ಕ. ಆಯಿ ಸಂಜೆಯ ತನಕ ಕಾಯುತ್ತಾರೆ. ಇನ್ನೊಂದು ದಿನ ತಮ್ಮ ಆಟ ಹಾಕಿಕೊಳ್ಳಲು ಜಾಗ ಸಾಲದೆ ಗೊತ್ತಿಲ್ಲದ ಕಡತಗಳನ್ನೆಲ್ಲ ಅಳಿಸುತ್ತಾನೆ. ಅದರಲ್ಲಿ ಅಜ್ಜ ಇಳಿಸಿಟ್ಟುಕೊಂಡಿದ್ದ ಹೊಲದ ಉತಾರದ ಪ್ರತಿಯೂ ಹೋಗುತ್ತದೆ. ತಮ್ಮನಿಗೆ ಬೈಗುಳ, ಅಕ್ಕನಿಗೂ ಪಾಲು. ತಪ್ಪು ಹುಡುಗನದಷ್ಟೇ ಅಲ್ಲ. ಆರು ಮಂದಿಯನ್ನು ಒಂದೇ ಹೆಸರಿನಲ್ಲಿ ಒಳಗೆ ಬಿಡುವ ಬಾಗಿಲು ಅದು.

ಒಂದೇ ತಂತಿ, ಮನೆಗೊಂದು ಮೀಟರು

ಹುಕ್ಕೇರಿ ತಾಲೂಕಿನವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ನಮ್ಮ ತಾಲೂಕಿನಲ್ಲಿ ಮನೆಮನೆಗೆ ಕರೆಂಟು ಹಂಚುವುದು 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಸಂಘ ಒಂದೇ, ಬೀದಿಯಲ್ಲಿ ಹಾದುಹೋಗುವ ತಂತಿಯೂ ಒಂದೇ. ಆದರೆ ಮನೆಗೊಂದು ಮೀಟರು. ನಿಮ್ಮ ಮನೆಯ ಫ್ಯಾನು ತಿರುಗಿದ್ದಕ್ಕೆ ಪಕ್ಕದ ಮನೆಗೆ ಬಿಲ್ಲು ಬರುವುದಿಲ್ಲ. ಹಂಚಿಕೊಳ್ಳುವುದು ಬೇರೆ, ಕಲಸಿಬಿಡುವುದು ಬೇರೆ.

ಕಂಪ್ಯೂಟರಿಗೂ ಇದೇ ಲೆಕ್ಕ. ಯಂತ್ರ ಒಂದೇ ಇದ್ದರೂ ಒಳಗೆ ಪ್ರತಿಯೊಬ್ಬರಿಗೂ ಒಂದು ಖಾತೆ ಮಾಡಬಹುದು. ಖಾತೆ ಎಂದರೆ ಒಂದು ಸ್ವಂತ ಕೋಣೆ. ಆಯಿಯ ಕೋಣೆಯಲ್ಲಿ ದೊಡ್ಡ ಅಕ್ಷರ, ಕನ್ನಡ ಭಾಷೆ, ಫೋಟೋ, ಹಾಡು. ಅಜ್ಜನ ಕೋಣೆಯಲ್ಲಿ ಉತಾರ, ಕಬ್ಬಿನ ಬಿಲ್ಲು. ತಮ್ಮನ ಕೋಣೆಯಲ್ಲಿ ಆಟ. ಒಬ್ಬರ ಕೋಣೆಯಲ್ಲಿ ಏನೇ ಅಳಿಸಿದರೂ ಇನ್ನೊಬ್ಬರದು ಉಳಿಯುತ್ತದೆ.

"ನೀವು ಯಾರು?" ಎಂದು ಕೇಳಿ ಸರಿಯಾದ ಕೋಣೆಗೆ ಕಳಿಸುವ ಬಾಗಿಲ ಕಾವಲುಗಾರನಿಗೆ ಲಾಗಿನ್ ಮ್ಯಾನೇಜರ್ ಎಂದು ಹೆಸರು. ಲಿನಕ್ಸ್ ಬಳಸುವವರು ಡಿಸ್‌ಪ್ಲೇ ಮ್ಯಾನೇಜರ್ ಎಂದೂ ಕರೆಯುತ್ತಾರೆ. ಅವನು ತೋರಿಸುವ ಮುಖಕ್ಕೆ, ಅಂದರೆ ಹೆಸರು, ಫೋಟೋ, ಪಾಸ್‌ವರ್ಡಿನ ಡಬ್ಬಿ ಇರುವ ಪರದೆಗೆ, ಗ್ರೀಟರ್ ಎನ್ನುತ್ತಾರೆ. ಮನೆಗೆ ಬಂದವರಿಗೆ "ಬರ್ರಿ, ಕೂಡ್ರಿ" ಎಂದು ಮಾತನಾಡಿಸುತ್ತೇವಲ್ಲ, ಆ ಕೆಲಸ ಗ್ರೀಟರಿನದು.

ಪಾಸ್‌ವರ್ಡ್ ಕದ್ದ ವಿದ್ಯಾರ್ಥಿ

ಈ ಬಾಗಿಲು ಹುಟ್ಟಿದ್ದೇ ಒಂದು ಯಂತ್ರವನ್ನು ಹಲವರು ಹಂಚಿಕೊಂಡಾಗ. ಅಮೆರಿಕದ ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆಯಲ್ಲಿ 1961ರಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬುವರ ತಂಡ ಒಂದು ವ್ಯವಸ್ಥೆ ಮಾಡಿತು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಅದು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದು ಎಂದು ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು.

ಕೀಲಿ ಹಾಕಿದ ಮೇಲೆ ಕಳ್ಳ ಬಾರದೆ ಇರುತ್ತಾನೆಯೇ? ಅಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ಕಂಪ್ಯೂಟರ್ ಸಮಯ ಸಾಲುತ್ತಿರಲಿಲ್ಲ. 1962ರಲ್ಲಿ ಅವರು ಪಾಸ್‌ವರ್ಡುಗಳ ಪಟ್ಟಿಯ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಕೋರಿಕೆ ಹಾಕಿದರು. ಯಂತ್ರ ಏನೂ ಕೇಳದೆ ಮುದ್ರಿಸಿಕೊಟ್ಟಿತು! ಮುಂದೆ ಬೇರೆಯವರ ಹೆಸರಿನಲ್ಲಿ ಒಳಗೆ ಹೋಗಿ ಅವರ ಪಾಲಿನ ಸಮಯ ಬಳಸಿದರು. ಬಹಳ ವರ್ಷಗಳ ಮೇಲೆ ಅವರೇ ಇದನ್ನು ಒಪ್ಪಿಕೊಂಡರು. ಅಕ್ಕನ ಪಾಲಿನ ಅರ್ಧ ಗಂಟೆಗೆ ಕಣ್ಣು ಹಾಕುವ ತಮ್ಮಂದಿರೇ, ನಿಮಗಿಂತ ಮುಂಚೆಯೇ ಒಬ್ಬರು ಇದ್ದರು ನೋಡಿ.

ಅದೇ ವ್ಯವಸ್ಥೆಯಲ್ಲಿ 1960ರ ದಶಕದ ಮಧ್ಯದಲ್ಲಿ ಇನ್ನೊಂದು ಎಡವಟ್ಟಾಯಿತು. ಒಳಗೆ ಬರುವವರಿಗೆ ಕಾಣಿಸುವ ದಿನದ ಸಂದೇಶವನ್ನು ಒಬ್ಬರು ತಿದ್ದುತ್ತಿದ್ದರು, ಅದೇ ಹೊತ್ತಿಗೆ ಇನ್ನೊಬ್ಬರು ಪಾಸ್‌ವರ್ಡಿನ ಪಟ್ಟಿ ತಿದ್ದುತ್ತಿದ್ದರು. ತಂತ್ರಾಂಶದ ಒಳಗೆ ಎರಡೂ ಅದಲುಬದಲಾದವು. ಆಮೇಲೆ ಲಾಗಿನ್ ಆದವರಿಗೆಲ್ಲ ಸಂದೇಶದ ಬದಲು ಎಲ್ಲರ ಪಾಸ್‌ವರ್ಡುಗಳು ಕಾಣಿಸಿದವು.

ಇಂಥ ಪಾಠಗಳನ್ನು ಕಲಿತ ಮೇಲೆ ಪಾಸ್‌ವರ್ಡನ್ನು ಇದ್ದಹಾಗೇ ಬರೆದಿಡುವುದನ್ನು ಬಿಟ್ಟರು. ಈಗ ನಿಮ್ಮ ಪಾಸ್‌ವರ್ಡನ್ನು ಕಂಪ್ಯೂಟರು ಬೀಸಿ ಹಿಟ್ಟು ಮಾಡಿ, ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನೀವು ಮತ್ತೆ ಪಾಸ್‌ವರ್ಡ್ ಹೊಡೆದಾಗ ಅದನ್ನೂ ಬೀಸಿ, ಎರಡೂ ಹಿಟ್ಟು ಒಂದೇ ಇದೆಯೇ ಎಂದು ನೋಡುತ್ತದೆ. ಜೋಳದ ಹಿಟ್ಟನ್ನು ಮತ್ತೆ ಜೋಳ ಮಾಡಲು ಆದೀತೇ? ಆದ್ದರಿಂದಲೇ, ಅಜ್ಜ ಪಾಸ್‌ವರ್ಡ್ ಮರೆತರೆ "ಅದು ಏನಿತ್ತು?" ಎಂದು ಯಂತ್ರ ಹೇಳಲಾರದು. ಹೊಸದು ಹಾಕಬೇಕು, ಅಷ್ಟೇ.

ಮೊದಲಿಗೆ ಈ ಬಾಗಿಲು ಬರೀ ಕಪ್ಪು ಪರದೆ ಮತ್ತು ಅಕ್ಷರ. 1988ರಲ್ಲಿ ಎಕ್ಸ್‌ಡಿಎಂ ಎಂಬ ಚಿತ್ರರೂಪದ ಲಾಗಿನ್ ಮ್ಯಾನೇಜರ್ ಬಂತು. ಈಗ ಲಿನಕ್ಸಿನಲ್ಲಿ ಜಿಡಿಎಂ, ಲೈಟ್‌ಡಿಎಂ, ಎಸ್‌ಡಿಡಿಎಂ ಎಂಬ ಮೂವರು ಕಾವಲುಗಾರರು ಹೆಚ್ಚಾಗಿ ಸಿಗುತ್ತಾರೆ. ಉಬುಂಟುವಿನಲ್ಲಿ ಜಿಡಿಎಂ, ಲಿನಕ್ಸ್ ಮಿಂಟಿನಲ್ಲಿ ಲೈಟ್‌ಡಿಎಂ ಬಹುಕಾಲದಿಂದ ಇವೆ. ಒಂದು ಬಾಗಿಲಿಗೆ ಒಬ್ಬನೇ ಕಾವಲುಗಾರ. ಹೊಸ ಡೆಸ್ಕ್‌ಟಾಪ್ ಹಾಕಿಕೊಳ್ಳುವಾಗ "ಯಾರನ್ನು ಇಟ್ಟುಕೊಳ್ಳುತ್ತೀರಿ?" ಎಂದು ಯಂತ್ರ ಕೇಳಿದರೆ, ಗೊತ್ತಿಲ್ಲದಿದ್ದಾಗ ಮೊದಲಿದ್ದವನನ್ನೇ ಇಟ್ಟುಕೊಳ್ಳಿ.

ಕೆಲಸಕ್ಕೆ ಇಳಿಯೋಣ

ಹಳೆಯ ಕಂಪ್ಯೂಟರಿಗೆ ಹೊಂದುವ, ಹಣ ಕೊಡಬೇಕಿಲ್ಲದ ಲಿನಕ್ಸ್ ಮಿಂಟನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಶುರು ಮಾಡುವ ಮೊದಲು ಟೈಮ್‌ಶಿಫ್ಟ್ ಎಂಬ ತಂತ್ರಾಂಶ ತೆರೆದು ಯಂತ್ರದ ಈಗಿನ ಸ್ಥಿತಿಯ ಒಂದು ನಕಲು ಇಟ್ಟುಕೊಳ್ಳಿ. ಏನಾದರೂ ಕೆಟ್ಟರೆ ಹಿಂದಕ್ಕೆ ಬರಬಹುದು. ಅದು ವ್ಯವಸ್ಥೆಯ ನಕಲು ಮಾತ್ರ. ಫೋಟೋ, ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ಬೇರೆಯಾಗಿ ಹಾಕಿಕೊಳ್ಳಿ.

ಒಂದನೆಯದು, ಖಾತೆ ಮಾಡುವುದು. ಮೆನುವಿನಲ್ಲಿ "ಯೂಸರ್ಸ್ ಅಂಡ್ ಗ್ರೂಪ್ಸ್" ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಕೊಡಿ. "ಆ್ಯಡ್" ಒತ್ತಿದರೆ ಮೂರು ಸಂಗತಿ ಕೇಳುತ್ತದೆ: ಖಾತೆಯ ಬಗೆ, ಪೂರ್ಣ ಹೆಸರು, ಬಳಕೆದಾರ ಹೆಸರು.

ಖಾತೆಯ ಬಗೆಯಲ್ಲಿ ಎರಡು ಇವೆ. "ಸ್ಟ್ಯಾಂಡರ್ಡ್" ಖಾತೆಯವರು ತಮ್ಮ ಕೋಣೆಯಲ್ಲಿ ಏನು ಬೇಕಾದರೂ ಮಾಡಬಹುದು, ಮನೆಯ ಗೋಡೆ ಒಡೆಯುವಂತಿಲ್ಲ. "ಅಡ್ಮಿನಿಸ್ಟ್ರೇಟರ್" ಖಾತೆಯವರು ಗೋಡೆಯನ್ನೂ ಒಡೆಯಬಹುದು. ಮನೆಯಲ್ಲಿ ಒಬ್ಬ ದೊಡ್ಡವರಿಗೆ ಮಾತ್ರ ಅಡ್ಮಿನ್ ಇರಲಿ, ಮಿಕ್ಕವರಿಗೆಲ್ಲ ಸ್ಟ್ಯಾಂಡರ್ಡ್ ಸಾಕು. ಆ ಅಡ್ಮಿನ್ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ಹೊಲದ ಕಾಗದಪತ್ರ ಇಡುವ ಟ್ರಂಕಿನಲ್ಲಿಯೇ ಇಡಿ. ಕಂಪ್ಯೂಟರಿಗೆ ಅಂಟಿಸಬೇಡಿ!

ಬಳಕೆದಾರ ಹೆಸರು ಯಂತ್ರಕ್ಕಾಗಿ ಇರುವುದು. ಅದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಬೇಕು. ಆದರೆ ಪೂರ್ಣ ಹೆಸರು ಮನುಷ್ಯರಿಗಾಗಿ ಇರುವುದು. ಅದನ್ನು ಕನ್ನಡದಲ್ಲಿಯೇ ಬರೆಯಬಹುದು. ಬಾಗಿಲಲ್ಲಿ ಕಾಣುವುದು ಅದೇ.

ಇಲ್ಲಿ ಒಂದು ಕ್ಷಣ ನಿಲ್ಲಿ, ಮಕ್ಕಳೇ. ಆ ಜಾಗದಲ್ಲಿ "ಆಯಿ" ಎಂದು ಬರೆಯಬೇಕೋ, ಅವರ ಸ್ವಂತ ಹೆಸರು ಬರೆಯಬೇಕೋ? ನೀವೇ ತೀರ್ಮಾನ ಮಾಡಬೇಡಿ. ಹೋಗಿ ಕೇಳಿ. ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು ಆಯಿ, ಅವ್ವ, ಅತ್ತಿ, ಕಾಕು ಎಂದು ಕರೆಯುವವರೇ ಎಲ್ಲರೂ. ಅವರ ಹೆಸರು ಹಿಡಿದು ಯಾರಾದರೂ ಕರೆದು ವರ್ಷಗಳೇ ಕಳೆದಿರುತ್ತವೆ. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಎಲ್ಲಿಯೂ ಅವರ ಹೆಸರು ಬರೆದಿರುವುದಿಲ್ಲ. "ನಿನ್ನ ಹೆಸರು ಹೆಂಗ್ ಬರೀಲಿ ಆಯಿ?" ಎಂದು ಕೇಳಿದಾಗ ಅವರು ಏನು ಹೇಳುತ್ತಾರೋ ಅದನ್ನೇ ಬರೆಯಿರಿ. ಅಕ್ಷರ ತಪ್ಪಿಲ್ಲದೆ ಬರೆಯಿರಿ.

ಖಾತೆ ಆದ ಮೇಲೆ "ಪಾಸ್‌ವರ್ಡ್" ಎಂಬಲ್ಲಿ ಒತ್ತಿ ಮೊದಲ ಪಾಸ್‌ವರ್ಡ್ ಹಾಕಬೇಕು. ಫೋಟೋ ಕೂಡ ಸೇರಿಸಬಹುದು. ಓದು ಬಾರದವರಿಗೆ, ಇನ್ನೂ ಓದಲು ಕಲಿಯದ ಪುಟ್ಟ ಮಕ್ಕಳಿಗೆ ಫೋಟೋವೇ ಹೆಸರು. ಕಣ್ಣು ಮಂಜಾದವರಿಗಾದರೆ ಮುಖದ ಫೋಟೋಕ್ಕಿಂತ ಒಂದು ಗಾಢ ಬಣ್ಣದ ಚಿತ್ರ ಬೇಗ ಗುರುತು ಸಿಗುತ್ತದೆ.

ಎರಡನೆಯದು, ಭಾಷೆ. "ಲ್ಯಾಂಗ್ವೇಜಸ್" ತೆರೆದು ಕನ್ನಡವನ್ನು ಸೇರಿಸಿಕೊಳ್ಳಿ. ಪ್ರತಿ ಖಾತೆಗೂ ಬೇರೆ ಬೇರೆ ಭಾಷೆ ಇಡಬಹುದು. ಅಕ್ಕನಿಗೆ ಇಂಗ್ಲಿಷ್, ಆಯಿಗೆ ಕನ್ನಡ. ಬಾಗಿಲೂ ಕನ್ನಡದಲ್ಲಿಯೇ ಮಾತನಾಡಬೇಕೆಂದರೆ "ಅಪ್ಲೈ ಸಿಸ್ಟಂ-ವೈಡ್" ಎಂಬ ಗುಂಡಿ ಒತ್ತಬೇಕು. ಕನ್ನಡದ ಸ್ವಯಂಸೇವಕರು ವರ್ಷಗಟ್ಟಲೆ ಕೂತು ಈ ಪದಗಳನ್ನು ಅನುವಾದಿಸಿಟ್ಟಿದ್ದಾರೆ. ಎಲ್ಲ ಕಡೆಯೂ ಮುಗಿದಿಲ್ಲವಾದ್ದರಿಂದ ನಡುನಡುವೆ ಇಂಗ್ಲಿಷ್ ಕಾಣಿಸಬಹುದು. ಹೆಸರಿನ ಜಾಗದಲ್ಲಿ ಅಕ್ಷರದ ಬದಲು ಚೌಕ ಡಬ್ಬಿಗಳು ಕಂಡರೆ ಯಂತ್ರದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲ ಎಂದರ್ಥ, ಹಾಕಿಕೊಂಡರೆ ಸರಿಹೋಗುತ್ತದೆ. ಲಿನಕ್ಸಿಗೆ ಸಿಗುವ ಕನ್ನಡ ಅಕ್ಷರಶೈಲಿಗಳಲ್ಲಿ "ಗುಬ್ಬಿ", "ನವಿಲು" ಎಂಬ ಹೆಸರಿನವೂ ಇವೆ. ನವಿಲು ಕೈಬರಹದ ಹಾಗೆ ಇರುತ್ತದೆ, ಹಾಕಿ ನೋಡಿ.

ಮೂರನೆಯದು, ಪಾಸ್‌ವರ್ಡ್. ಕನ್ನಡದಲ್ಲಿ ಬರೆಯಲು ಯಂತ್ರದಲ್ಲಿ ಕಗಪ ಕೀಲಿಮಣೆ ಹಾಕಿಕೊಂಡವರು ಇಲ್ಲಿ ಹುಷಾರಾಗಿರಬೇಕು. ಪಾಸ್‌ವರ್ಡ್ ಬರೆಯುವಾಗ ಅಕ್ಷರದ ಬದಲು ಚುಕ್ಕಿ ಕಾಣುವುದರಿಂದ, ಕೀಲಿಮಣೆ ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ತಿಳಿಯುವುದಿಲ್ಲ. ಸರಿಯಾದ ಪಾಸ್‌ವರ್ಡನ್ನೇ ಹತ್ತು ಸಲ ಹೊಡೆದರೂ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಹೆಸರು ಕನ್ನಡದಲ್ಲಿ, ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಇರಲಿ. ಆದರೆ ಮಾತು ಕನ್ನಡದ್ದೇ ಆಗಬಹುದು! ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನಡುವೆ ಒಂದು ಅಂಕಿ ಸೇರಿಸಿ. ಕರದಂಟು, ಛತ್ರಿ, 47, ಎಮ್ಮೆ, ಹೀಗೆ. ಆಯಿಗೂ ನೆನಪಿರುತ್ತದೆ, ಬೇರೆಯವರಿಗೆ ಊಹಿಸಲೂ ಕಷ್ಟ. ಇದೇ ಪಾಸ್‌ವರ್ಡನ್ನು ಮಾತ್ರ ಯಾರೂ ಇಟ್ಟುಕೊಳ್ಳಬೇಡಿ, ಇದು ಪತ್ರಿಕೆಯಲ್ಲಿ ಅಚ್ಚಾಗಿ ಹೋಗಿದೆ. ಹುಟ್ಟಿದ ದಿನಾಂಕ, ಫೋನ್ ನಂಬರ್, ಮನೆದೇವರ ಹೆಸರು ಕೂಡ ಬೇಡ. ಊರಿಗೆಲ್ಲ ಗೊತ್ತಿರುವುದು ಕೀಲಿಕೈ ಆಗುವುದಿಲ್ಲ.

ಬಾಗಿಲನ್ನು ಎಷ್ಟು ತೆರೆದಿಡಬೇಕು?

ಈಗ ಕಾವಲುಗಾರನಿಗೇ ನೇರವಾಗಿ ಹೇಳುವ ಮಾತು. ಮಿಂಟಿನಲ್ಲಿ "ಲಾಗಿನ್ ವಿಂಡೋ" ಎಂಬ ಪುಟ ಇದೆ. ಅದರಲ್ಲಿ ಹಿನ್ನೆಲೆಯ ಚಿತ್ರ ಬದಲಿಸಬಹುದು. ಗೋಕಾಕ ಫಾಲ್ಸಿಗೆ ಹೋದಾಗ ತೆಗೆದ ಫೋಟೋ ಹಾಕಿದರೆ ಬಾಗಿಲೇ ಚೆಂದ. ಆದರೆ ಹಿರಿಯರ ಕಣ್ಣಿಗೆ ಹೆಸರು ಎದ್ದು ಕಾಣಬೇಕಾದರೆ ನೀರು, ನೊರೆ, ಬಂಡೆ ತುಂಬಿದ ಚಿತ್ರಕ್ಕಿಂತ ಒಂದೇ ಗಾಢ ಬಣ್ಣ ವಾಸಿ. ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಅದೇ ಪುಟದ "ಯೂಸರ್ಸ್" ಭಾಗದಲ್ಲಿರುವ ಆಯ್ಕೆಗಳಲ್ಲಿ ಮೂರನ್ನು ನೋಡೋಣ.

ಮೊದಲನೆಯದು ತಾನಾಗಿಯೇ ಲಾಗಿನ್ ಆಗುವುದು. ಇಲ್ಲಿ ಒಂದು ಹೆಸರು ಬರೆದುಬಿಟ್ಟರೆ, ಕಂಪ್ಯೂಟರು ಚಾಲೂ ಆದ ಕೂಡಲೇ ಏನೂ ಕೇಳದೆ ಆ ಹೆಸರಿನ ಕೋಣೆ ತೆರೆಯುತ್ತದೆ. "ಪಾಸ್‌ವರ್ಡ್ ನೆನಪಿರಲ್ಲ, ಇದ ಛಲೋ ಅದ" ಎಂದು ಬಹಳ ಮನೆಗಳಲ್ಲಿ ಹಿರಿಯರಿಗೆ ಹೀಗೆ ಮಾಡಿಕೊಡುತ್ತಾರೆ. ಒಬ್ಬರೇ ಇರುವ ಮನೆಯಲ್ಲಿ, ಬರೀ ಹಾಡು ಕೇಳುವುದಕ್ಕಾದರೆ ತೊಂದರೆಯಿಲ್ಲ. ಆದರೆ ಆ ಖಾತೆಯಲ್ಲಿ ಪಿಂಚಣಿಯ ಕಾಗದ, ಬ್ಯಾಂಕಿನ ವಿವರ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಇದ್ದರೆ, ಮನೆಗೆ ಬಂದ ಯಾರು ಬೇಕಾದರೂ ಗುಂಡಿ ಒತ್ತಿ ಒಳಗೆ ಹೋಗಬಹುದು. ಕರೆಂಟು ಹೋಗಿ ಬಂದು, ಯಾರೋ ಮತ್ತೆ ಚಾಲೂ ಮಾಡಿದರೂ ಕೋಣೆ ಬಟಾಬಯಲು. ಹಿರಿಯರ ಹಣಕ್ಕೆ ಹೊಂಚು ಹಾಕುವವರು ಹೆಚ್ಚಿರುವ ಕಾಲ ಇದು. ಅವರಿಗೆ ಸುಲಭವಾಗಲಿ ಎಂದು ಅವರ ಬಾಗಿಲಿನ ಕೀಲಿಯನ್ನೇ ತೆಗೆಯುವುದು ಸರಿಯಲ್ಲ. ಇನ್ನೊಂದು ಸಂಗತಿ: ತಾನಾಗಿ ಲಾಗಿನ್ ಆದರೂ, ಒಳಗೆ ಪಾಸ್‌ವರ್ಡುಗಳನ್ನು ಇಡುವ ಕೀರಿಂಗ್ ಎಂಬ ಪೆಟ್ಟಿಗೆ ತೆರೆದಿರುವುದಿಲ್ಲ. ಅದು ಆಮೇಲೆ ಪಾಸ್‌ವರ್ಡ್ ಕೇಳಿ ಗಾಬರಿ ಮಾಡುತ್ತದೆ.

ಎರಡನೆಯದು ಅತಿಥಿ ಖಾತೆ. ಇದನ್ನು ಚಾಲೂ ಮಾಡಿದರೆ ಬಂದ ನೆಂಟರ ಮಕ್ಕಳು ಪಾಸ್‌ವರ್ಡ್ ಇಲ್ಲದೆ ಬಳಸಬಹುದು. ಅವರು ಹೊರಬಂದ ಕೂಡಲೇ ಅವರು ಅಲ್ಲಿ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಧರ್ಮಶಾಲೆಯ ಕೋಣೆಯ ಹಾಗೆ. "ನಿನ್ನ ಪಾಸ್‌ವರ್ಡ್ ಹೇಳು, ಒಂದ್ ಆಟ ಆಡ್ತೇನಿ" ಎನ್ನುವ ಗೆಳೆಯನಿಗೆ ಇಲ್ಲ ಅನ್ನುವ ಕಷ್ಟ ತಪ್ಪುತ್ತದೆ. ಅಲ್ಲಿ ಉಳಿಸಿದ್ದು ಉಳಿಯುವುದಿಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪಾಪ, ಯಾರಾದರೂ ಶಾಲೆಯ ಪ್ರಾಜೆಕ್ಟು ಬರೆದಿಟ್ಟಾರು!

ಮೂರನೆಯದು ಹೆಸರಿನ ಪಟ್ಟಿ ಅಡಗಿಸುವುದು. ಕಚೇರಿಗಳಲ್ಲಿ ಯಾರ ಹೆಸರೂ ಕಾಣದಂತೆ, ಹೆಸರನ್ನೂ ಬರೆದೇ ಒಳಗೆ ಹೋಗುವಂತೆ ಇಡುತ್ತಾರೆ. ಮನೆಗೆ ಅದು ಬೇಡ. ಮನೆಯ ಬಾಗಿಲಲ್ಲಿ ಮನೆಯವರ ಹೆಸರು ಕಾಣಲಿ.

ಕೋಣೆಗಳ ನಡುವಿನ ಗೋಡೆಯ ಬಗ್ಗೆ ಒಂದು ಮಾತು. ಈಚಿನ ಮಿಂಟ್ ಮತ್ತು ಉಬುಂಟುವಿನಲ್ಲಿ ಒಬ್ಬ ಸ್ಟ್ಯಾಂಡರ್ಡ್ ಬಳಕೆದಾರ ಇನ್ನೊಬ್ಬರ ಕಡತ ನೋಡಲಾರ. ಆದರೆ ಅಡ್ಮಿನ್ ನೋಡಬಲ್ಲ. ಆದ್ದರಿಂದ ಅಡ್ಮಿನ್ ಆದವರಿಗೆ ಮನೆಯ ಹಿರಿತನದ ಜವಾಬ್ದಾರಿ ಇದೆ. ಕೀಲಿಕೈ ಇದೆಯೆಂದು ಅಕ್ಕನ ಡೈರಿ ತೆರೆದು ಓದಬಾರದು. ಚಿಕ್ಕ ಮಕ್ಕಳ ಖಾತೆಯನ್ನು ಹೆತ್ತವರು ನೋಡುವುದಿದ್ದರೆ, ನೋಡುತ್ತೇವೆ ಎಂದು ಅವರಿಗೆ ಮೊದಲೇ ಹೇಳಬೇಕು.

ಕಣ್ಣು ಮಂಜು, ಕೈ ನಡುಕ ಇದ್ದರೆ

ಬಾಗಿಲ ಪರದೆಯ ಮೂಲೆಯಲ್ಲಿ ಕೈಚಾಚಿ ನಿಂತ ಮನುಷ್ಯನ ಪುಟ್ಟ ಗುರುತು ಇರುತ್ತದೆ. ಅದನ್ನು ಒತ್ತಿದರೆ ಬಣ್ಣಗಳು ಎದ್ದು ಕಾಣುವಂತೆ ಮಾಡುವ, ಪರದೆಯ ಮೇಲೆಯೇ ಕೀಲಿಮಣೆ ತೋರಿಸುವ, ಪರದೆಯಲ್ಲಿರುವುದನ್ನು ಓದಿ ಹೇಳುವ ಆಯ್ಕೆಗಳಿವೆ. ಜಿಡಿಎಂನಲ್ಲಿ ಅಕ್ಷರ ದೊಡ್ಡದು ಮಾಡುವ ಆಯ್ಕೆಯೂ ಇದೆ. ಮನೆಯಲ್ಲಿ ಅಜ್ಜ ಇದ್ದರೆ ಒಂದು ಸಲ ಇವನ್ನೆಲ್ಲ ಚಾಲೂ ಮಾಡಿ ತೋರಿಸಿ. ಬೇಕಾದದ್ದನ್ನು ಅವರೇ ಆರಿಸಲಿ.

ಅಂಕಿಗಳನ್ನು ಕೀಲಿಮಣೆಯ ಬಲಬದಿಯ ಗುಂಪಿನಿಂದ ಒತ್ತುವ ರೂಢಿ ಅಂಗಡಿ ಲೆಕ್ಕ ಬರೆದ ಹಿರಿಯರಿಗೆ ಇರುತ್ತದೆ. ಅಲ್ಲಿ ನಮ್‌ಲಾಕ್ ಚಾಲೂ ಇರದಿದ್ದರೆ ಅಂಕಿ ಬೀಳುವುದೇ ಇಲ್ಲ. ಚುಕ್ಕಿ ಕಡಿಮೆ ಬಿದ್ದದ್ದು ಗೊತ್ತೂ ಆಗುವುದಿಲ್ಲ. "ಲಾಗಿನ್ ವಿಂಡೋ" ಪುಟದ "ಸೆಟ್ಟಿಂಗ್ಸ್" ಭಾಗದಲ್ಲಿ ಅದನ್ನು ತಾನಾಗಿ ಚಾಲೂ ಮಾಡುವ ಆಯ್ಕೆ ಇದೆ. ಅದು ಮಸುಕಾಗಿ ಕಂಡರೆ ನಮ್‌ಲಾಕ್ಸ್ ಎಂಬ ಸಣ್ಣ ತಂತ್ರಾಂಶ ಹಾಕಿಕೊಳ್ಳಬೇಕು. ಇಷ್ಟು ಸಣ್ಣ ಸಂಗತಿಗೆ ಎಷ್ಟೋ ಹಿರಿಯರು "ನನಗ ಇದು ಬರಂಗಿಲ್ಲಪಾ" ಎಂದು ಕಂಪ್ಯೂಟರನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಬರುತ್ತದೆ. ಬಾಗಿಲು ಅವರಿಗೆ ಹೊಂದಿಸಿದ್ದಾಗಿರಲಿಲ್ಲ, ಅಷ್ಟೇ.

ಬಾಗಿಲು ತೆರೆಯದಿದ್ದರೆ

ಗಾಬರಿಯಾಗಬೇಡಿ. ಬಾಗಿಲು ಕೆಟ್ಟ ಮಾತ್ರಕ್ಕೆ ಒಳಗಿನ ಸಾಮಾನು ಹೋಗುವುದಿಲ್ಲ. ಒಂದೊಂದಾಗಿ ನೋಡಿ.

ಪಾಸ್‌ವರ್ಡ್ ತಪ್ಪು ಎನ್ನುತ್ತಿದ್ದರೆ ಮೊದಲು ಕ್ಯಾಪ್ಸ್‌ಲಾಕ್, ಆಮೇಲೆ ನಮ್‌ಲಾಕ್, ಆಮೇಲೆ ಮೂಲೆಯಲ್ಲಿರುವ ಕೀಲಿಮಣೆಯ ಭಾಷೆ. ನಿಜವಾಗಿ ಮರೆತಿದ್ದರೆ ಅಡ್ಮಿನ್ ಆದವರು ತಮ್ಮ ಖಾತೆಯಿಂದ ಹೊಸದು ಹಾಕಿಕೊಡಬಹುದು.

ಒಳಗೆ ಹೋದರೂ ಎಲ್ಲ ಬೇರೆಯಾಗಿ ಕಂಡು "ನನ್ನದೆಲ್ಲ ಹೋತು!" ಅನ್ನಿಸಿದರೆ, ಹೆಸರಿನ ಪಕ್ಕದ ಪುಟ್ಟ ಗುರುತು ಒತ್ತಿ ಬೇರೆ ಡೆಸ್ಕ್‌ಟಾಪ್ ಆರಿಸಿರಬಹುದು. ಹೊರಗೆ ಬಂದು ಮೊದಲಿನದನ್ನೇ ಆರಿಸಿ.

ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಂದು ಕ್ಷಣ ಪರದೆ ಕಪ್ಪಾಗಿ ಮತ್ತೆ ಬಾಗಿಲಿಗೇ ಬಂದರೆ, ಡಿಸ್ಕ್ ಪೂರ್ತಿ ತುಂಬಿರುವ ಸಾಧ್ಯತೆ ಇದೆ. ಒಳಗೆ ಕಾಲಿಡಲೂ ಜಾಗವಿಲ್ಲದ ಮನೆ ಅದು. ಕಂಟ್ರೋಲ್, ಆಲ್ಟ್, ಎಫ್ 3 ಒಟ್ಟಿಗೆ ಒತ್ತಿದರೆ ಹಳೆಯ ಕಾಲದ ಕಪ್ಪು ಪರದೆಯ ಬಾಗಿಲು ತೆರೆಯುತ್ತದೆ. ಗೊತ್ತಿರುವವರು ಅಲ್ಲಿಂದ ಒಳಗೆ ಹೋಗಿ ಬೇಡದ್ದನ್ನು ತೆಗೆಯಬಹುದು. ಮಿಂಟಿನಲ್ಲಿ ಮತ್ತೆ ಚಿತ್ರದ ಬಾಗಿಲಿಗೆ ಬರಲು ಕಂಟ್ರೋಲ್, ಆಲ್ಟ್, ಎಫ್ 7.

ಹಳೆಯ ಯಂತ್ರ ನಿಧಾನವಾಗಿದ್ದರೆ "ಸ್ವಿಚ್ ಯೂಸರ್" ಬಳಸಬೇಡಿ. ಹಾಗೆ ಮಾಡಿದರೆ ಹಿಂದಿನವರು ತೆರೆದಿಟ್ಟದ್ದೆಲ್ಲ ಹಿಂದೆ ಓಡುತ್ತಲೇ ಇರುತ್ತದೆ. ನಿಮ್ಮ ಕೆಲಸ ಉಳಿಸಿ "ಲಾಗ್ ಔಟ್" ಮಾಡಿ ಎದ್ದುಹೋಗಿ. ಊಟ ಆದ ಮೇಲೆ ತಾಟು ತೊಳೆದಿಟ್ಟು ಏಳುವ ಹಾಗೆ.

ವಿಂಡೋಸ್ ಇರುವ ಮನೆಯವರು "ನಮಗಿಲ್ಲವೇ?" ಎಂದು ಕೇಳಬಹುದು. ನಿಮಗೂ ಇದೆ. ಸೆಟ್ಟಿಂಗ್ಸಿನ "ಅಕೌಂಟ್ಸ್" ಭಾಗದಲ್ಲಿ ಮನೆಯ ಪ್ರತಿಯೊಬ್ಬರಿಗೂ ಖಾತೆ ಮಾಡಬಹುದು. ಹೆಸರು, ಫೋಟೋ, ಕೀಲಿ, ಒಬ್ಬನೇ ಅಡ್ಮಿನ್, ಈ ನಾಲ್ಕು ಮಾತು ಅಲ್ಲಿಗೂ ಸಲ್ಲುತ್ತವೆ.

ಇದೆಲ್ಲ ಪಟ್ಟಣದವರ ವಿದ್ಯೆ ಎಂದುಕೊಳ್ಳಬೇಡಿ. ಕೇರಳದ ಸರಕಾರಿ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರುವಾಯಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಆ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹಳ್ಳಿಯ ಶಾಲೆಯಲ್ಲಿಯೇ ಈ ಬಾಗಿಲನ್ನು ನೋಡಿ ಬೆಳೆಯುತ್ತಾರೆ. ಅವರಿಗೆ ಆಗುವುದು ಯಮಕನಮರಡಿಯ ಮಕ್ಕಳಿಗೆ ಆಗದೇ?

ಈ ವಾರದ ಕೆಲಸ

ರವಿವಾರ ಮನೆಯ ಒಬ್ಬ ಹಿರಿಯರು, ಒಬ್ಬ ಹುಡುಗ ಅಥವಾ ಹುಡುಗಿ ಜೊತೆಯಾಗಿ ಕೂಡಬೇಕು. ಅಡ್ಮಿನ್ ಪಾಸ್‌ವರ್ಡ್ ಇರುವವರು ಬಾಗಿಲು ತೆರೆದುಕೊಟ್ಟು ಪಕ್ಕದಲ್ಲಿ ಇರಲಿ. ಹೆಸರು ಹೇಗಿರಬೇಕು ಎಂದು ಹಿರಿಯರು ಹೇಳಲಿ, ಮಕ್ಕಳು ಬರೆಯಲಿ. ಪಾಸ್‌ವರ್ಡ್ ಹೊಡೆಯುವಾಗ ಮಕ್ಕಳು ಮುಖ ಆಚೆ ತಿರುಗಿಸಿ ಕೂಡಬೇಕು! ಇದು ನಿಯಮ. ಆಮೇಲೆ ಕಂಪ್ಯೂಟರು ಪೂರ್ತಿ ಬಂದ್ ಮಾಡಿ, ಹಿರಿಯರೊಬ್ಬರೇ ಚಾಲೂ ಮಾಡಿ, ತಮ್ಮ ಹೆಸರು ಹುಡುಕಿ ಒಳಗೆ ಹೋಗಬೇಕು. ಮೂರು ಸಲ. ಯಾರೂ ನಡುವೆ ಕೈಹಾಕಬಾರದು, "ಅಲ್ಲಲ್ಲ, ಅಲ್ಲಿ ಒತ್ತು" ಎನ್ನಬಾರದು. ಎಷ್ಟು ಹೊತ್ತಾದರೂ ಆಗಲಿ.

ಮೂರನೇ ಸಲಕ್ಕೆ ಆಯಿ ತಾವೇ ಒಳಗೆ ಹೋಗಿ ಪುಣೆಯ ಫೋಟೋ ತೆಗೆದು ನೋಡಿದರೆ ನಿಮ್ಮ ಕೆಲಸ ಮುಗಿಯಿತು. ಸೋಮವಾರ ನೀವು ಶಾಲೆಗೆ ಹೋದಾಗ ಅವರು ಸಂಜೆಯ ತನಕ ಕಾಯಬೇಕಿಲ್ಲ.

ಮುಂದಿನ ವಾರ: ಮನೆಯ ಫೋಟೋಗಳನ್ನೆಲ್ಲ ಎಲ್ಲರಿಗೂ ಕಾಣುವಂತೆ ಒಂದೇ ಕಡೆ ಇಡುವುದು ಹೇಗೆ?